ಉಳವಿಯ ಏರಿಗೊಂದು ಮೋಟಾರು

ಶಿಕಾರಿಪುರದ ಗುರುಪ್ರಕಾಶರ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಒಂದು ನಿಯಮವಿತ್ತು. ಸುಟ್ಟು ಬಂದ ಪಂಪ್‌ಸೆಟ್ಟು ಯಾರದೇ ಆಗಿರಲಿ, ತಂದವರು ಎಷ್ಟೇ ಅವಸರಪಡಿಸಲಿ, ಒಳಗಿನ ತಾಮ್ರದ ಸುರುಳಿಗೆ ಕತ್ತರಿ ತಾಗುವ ಮೊದಲು ಎಷ್ಟು ಸುತ್ತು, ಯಾವ ದಪ್ಪದ ತಂತಿ, ಯಾವ ದಿಕ್ಕಿಗೆ ಸುತ್ತಿದೆ ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕತ್ತರಿಸಿದ ಮೇಲೆ ಮೋಟಾರಿಗೆ ಬಾಯಿಲ್ಲ. ತಾನು ಮೊದಲು ಹೇಗಿದ್ದೆ ಎಂದು ಅದು ಹೇಳಲಾರದು. "ಬಿಚ್ಚೋಕೆ ಮುಂಚೆ ಬರ್ಕೋ" ಎಂಬ ಮಾತು ಗುರುಪ್ರಕಾಶರ ಮಗಳು ಅಶ್ವಿನಿಯ ಕಿವಿಗೆ ಜೋಗುಳದಷ್ಟೇ ಹಳೆಯದು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ತಂದೆಯ ಎದುರಿನ ಮೇಜಿನಲ್ಲಿ ಕುಳಿತ ಮೇಲೆ ಅವಳು ಆ ನಿಯಮವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಳು. ಅವಳ ಪುಸ್ತಕದಲ್ಲಿ ಪ್ರತಿ ಅಳತೆಯ ಪಕ್ಕದಲ್ಲಿ ಅಳೆದ ಉಪಕರಣದ ಹೆಸರೂ ಇರುತ್ತಿತ್ತು.

ದೀಪಾವಳಿ ಕಳೆದ ಮರುವಾರ ಸೊರಬದ ಕಡೆಯಿಂದ ಬಂದ ಲಗೇಜ್ ಆಟೋ ಆ ಅಂಗಡಿಯ ಮುಂದೆ ಒಂದು ಹೆಂಗಸರ ಸೈಕಲ್ಲನ್ನು ಇಳಿಸಿ ಹೋಯಿತು. ಅದು ಹೋದ ಐದು ನಿಮಿಷಕ್ಕೆ ಫೋನು ಬಂತು. ಕರೆ ಮಾಡಿದವಳು ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕುಳಿತಿದ್ದ ಅರ್ಚಿತಾ. ಚೊಚ್ಚಲ ಹೆರಿಗೆಗೆಂದು ಉಳವಿಯ ಆಚೆ ಬದಿಯ ತವರುಮನೆಗೆ ಬಂದಿದ್ದಳು.

"ಬಂತೇನೆ ಕುದುರೆ?"

"ಕುದುರೆ ಅಂದ್ರೆ ಇದೇನಾ? ಬೆಳ್ಳಿ ಪೇಂಟ್ ಬಳಿದಿರೋ ಗೇಟ್ ಇದ್ದಂಗೈತೆ."

"ಹಂಗೆಲ್ಲ ಅನ್ನಬೇಡ ಮಾರಾಯ್ತಿ. ಅದು ನಿರ್ಮಲಮ್ಮಂದು. ಅದಕ್ಕೊಂದು ಮೋಟಾರ್ ಹಾಕಿಕೊಡು. ಡಿಸೆಂಬರ್ ಮುಗಿಯೋದ್ರೊಳಗೆ ಕೊಡ್ಬೇಕು. ಆಮೇಲೆ ಕೊಟ್ರೆ ನಂಗೆ ಉಪಯೋಗ ಇಲ್ಲ."

ನಿರ್ಮಲಮ್ಮ ಯಾರೆಂಬುದನ್ನು ಅರ್ಚಿತಾ ಅರ್ಧ ಗಂಟೆ ಹೇಳಿದಳು. ಅವರು ಆ ಸುತ್ತಿನ ಹಳ್ಳಿಗಳಿಗೆ ಮೂವತ್ತೆಂಟು ವರ್ಷ ನರ್ಸಾಗಿದ್ದವರು. ಕೆಲಸಕ್ಕೆ ಸೇರಿದ ವರ್ಷ ಸಾಗರದ ಒಬ್ಬ ಹಿರಿಯ ವೈದ್ಯರು ತಮ್ಮ ಮಡದಿ ಬಳಸುತ್ತಿದ್ದ ಪರದೇಶದ ಸೈಕಲ್ಲನ್ನು ಅವರಿಗೆ ಕೊಟ್ಟಿದ್ದರು; ಆಗಲೇ ಅದಕ್ಕೆ ನಿರ್ಮಲಮ್ಮನಿಗಿಂತ ಹೆಚ್ಚು ವಯಸ್ಸಾಗಿತ್ತು. ಅರ್ಚಿತಾಳನ್ನು ಈ ಲೋಕಕ್ಕೆ ಎತ್ತಿಕೊಂಡವರು ಅವರೇ. ನಿವೃತ್ತಿಯ ದಿನ ಅವರು ಸೂಜಿ ಬಿಟ್ಟರು, ಕೂಸುಗಳನ್ನು ಬಿಡಲಿಲ್ಲ. ಯಾವ ಮನೆಯಲ್ಲಿ ಮಗು ಹುಟ್ಟಿದರೂ ನಲವತ್ತು ದಿನ ಎಣ್ಣೆ ಹಚ್ಚಿ ಮೀಯಿಸಲು ನಿರ್ಮಲಮ್ಮನೇ ಬರಬೇಕು. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕೂಸನ್ನು ಕಣಕಾಲುಗಳ ಮೇಲೆ ಮಲಗಿಸಿಕೊಂಡು, ಅದು ಅಳುವುದನ್ನು ಮರೆಯುವಂತೆ ಮೀಯಿಸುವುದು ಅವರ ರೀತಿ.

ಈಗ ಅವರಿಗೆ ಅರವತ್ತಾರು. ನೀಡಿದ ಕಾಲಿಗೆ ನೋವಿಲ್ಲ. ಭಾರ ಹಾಕಿ ಮಡಿಸಿದರೆ ಮಂಡಿ ಕೇಳುವುದಿಲ್ಲ. ಅವರ ಮನೆಗೂ ಅರ್ಚಿತಾಳ ತವರಿಗೂ ನಡುವೆ ನಾಲ್ಕು ಕಿಲೋಮೀಟರು, ಮಧ್ಯೆ ಒಂದು ಏರು. ಹೋದ ವರ್ಷ ಆ ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಈ ವರ್ಷ ತಳ್ಳಲೂ ಆಗದು.

"ನಮ್ಮಣ್ಣ ಬೈಕಲ್ಲಿ ಕರ್ಕೊಂಡು ಬರ್ತೀನಿ ಅಂದ. ಒಪ್ಪಲ್ಲ. ಬೈಕಿನ ಹಿಂದೆ ಸೀರೆ ಹಿಡ್ಕೊಂಡು ಒಂದು ಪಕ್ಕ ಕೂತ್ರೆ ನಾನು ಬಂದಂಗಲ್ಲ, ನನ್ನ ತಂದಂಗೆ ಅಂತಾರೆ. ನಾನಾಗಿ ಬರೋಕಾಗದಿದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ ಅಂದ್ಬಿಟ್ರು. ನನ್ನ ಮೀಸಿದ ಕೈ ಕಣೆ ಅದು. ನನ್ನ ಕೂಸಿಗೂ ಅದೇ ಬೇಕು."

ಅಶ್ವಿನಿ ಹೊಸ ಪುಟ ತೆರೆದಳು.

ಐದು ವಾರಗಳ ಕೆಲಸ ಅದು. ಬೆಳ್ಳಿ ಬಣ್ಣದ ಕೆಳಗೆ ಕೆಂಪು, ಕೆಂಪಿನ ಕೆಳಗೆ ಕಪ್ಪು, ಕಪ್ಪಿನ ಕೆಳಗೆ ಹಲಸಿನ ಎಲೆಯಂಥ ದಟ್ಟ ಹಸಿರು ಕಾಣಿಸಿತು; ಆ ಹಸಿರಿನ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಹೊನ್ನಿನ ಗೆರೆ. ಅವಳು ಹೊಸ ಬಣ್ಣ ಬಳಿಯದೆ, ಹಳೆಯದನ್ನೇ ಅಂಗುಲ ಅಂಗುಲವಾಗಿ ಹೊರತೆಗೆದು ಮೇಣ ತಿಕ್ಕಿದಳು. ತೊಗಲಿನ ಸೀಟಿಗೆ ಹರಳೆಣ್ಣೆ ಕುಡಿಸಿದಳು. ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ನಿರ್ಮಲಮ್ಮ ತಾವೇ ಕ್ರೋಶ ಹಾಕಿ ಕಟ್ಟಿದ್ದ ನೂಲಿನ ಬಲೆಯನ್ನು ಬಿಚ್ಚಿ, ಒಗೆದು, ಗಂಜಿ ಹಾಕಿ ಒಣಗಿಸಿದಳು.

ಮೋಟಾರನ್ನು ಮುಂದಿನ ಚಕ್ರದ ನಡುವೆ ಕೂರಿಸಬೇಕಿತ್ತು. ಮೋಟಾರಿನ ಅಂಚಿನಲ್ಲಿ ಕಡ್ಡಿಗಳಿಗೆ ಮೂವತ್ತಾರು ತೂತು. ಹಳೆಯ ಚಕ್ರದಲ್ಲಿ ಮೂವತ್ತೆರಡೇ. ಬೇರೆಯವರಾಗಿದ್ದರೆ ಹೊಸ ಚಕ್ರ ತರಿಸುತ್ತಿದ್ದರು. ಅಶ್ವಿನಿ ನಾಲ್ಕು ತೂತುಗಳನ್ನು ಖಾಲಿ ಬಿಡುವುದೆಂದು ತೀರ್ಮಾನಿಸಿ, ಮೂವತ್ತೆರಡು ಕಡ್ಡಿಗಳ ಉದ್ದವನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕತ್ತರಿಸಿದಳು. ಕಟ್ಟಿ ಮುಗಿಸಿ ತಿರುಗಿಸಿದಾಗ ಚಕ್ರವು ಒಂದು ಮಿಲಿಮೀಟರಿನಷ್ಟೂ ಓಲಾಡಲಿಲ್ಲ. ಗುರುಪ್ರಕಾಶರು ಕನ್ನಡಕ ಮೇಲೆತ್ತಿ ನೋಡಿ, "ಮದುವಿ ಮಂಟಪದಾಗ ನಿಲ್ಸಬೋದು" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಹಿಂದಿನ ಚಕ್ರದ ನಡುವೆ ಕಡ್ಡಿಗಳೆಲ್ಲ ಸೇರುವ ಹಬ್ಬನ್ನು ಬಿಚ್ಚಿದಾಗ ಮಾತ್ರ ಅವಳು ಅರ್ಧ ಗಂಟೆ ಕೈ ಕಟ್ಟಿ ಕುಳಿತಳು. ಒಳಗೆ ಕಂಚಿನ ಎರಡು ಅರೆಬಳೆಗಳಿದ್ದವು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಆ ಅರೆಬಳೆಗಳು ಅಗಲವಾಗಿ ಹಬ್ಬಿನ ಒಳಗೋಡೆಯನ್ನು ಹಿಡಿದು ಚಕ್ರವನ್ನು ನಿಲ್ಲಿಸುವ ಏರ್ಪಾಡು. ಕಾಲಿನಿಂದ ಹಾಕುವ ಬ್ರೇಕು. ಆ ಜಾಣ್ಮೆಗೆ ಅವಳು ಮನಸಾರೆ ತಲೆದೂಗಿದಳು, ಚಿತ್ರ ಬರೆದುಕೊಂಡಳು. ಆದರೆ ಕಂಚು ಸವೆದು ವೀಳ್ಯದೆಲೆಯಷ್ಟು ತೆಳುವಾಗಿತ್ತು. ಬಿಡಿಭಾಗ ಎಲ್ಲಿಯೂ ಸಿಗಲಿಲ್ಲ. ಮೋಟಾರು, ಬ್ಯಾಟರಿಗಳ ತೂಕ ಸೇರಿದ ಸೈಕಲ್ಲಿಗೆ ಗಟ್ಟಿಯಾದ ಬ್ರೇಕು ಬೇಕು. ಅವಳು ಮುಂದಕ್ಕೂ ಹಿಂದಕ್ಕೂ ಕೈಬ್ರೇಕುಗಳನ್ನು ಹಾಕಿ, ಹಿಂದೆ ಈಗಿನ ಸೈಕಲ್ಲುಗಳಂತೆ ಪೆಡಲು ಹಿಂದಕ್ಕೆ ಸುಮ್ಮನೆ ತಿರುಗುವ ಹೊಸ ಹಬ್ಬನ್ನು ಜೋಡಿಸಿದಳು. ಹಳೆಯದನ್ನು ತಗಡಿನ ಡಬ್ಬಿಯಲ್ಲಿಟ್ಟು 'ಮೂಲ ಹಬ್, ಹಿಂಬದಿ, ಸವೆದಿದೆ' ಎಂದು ಚೀಟಿ ಅಂಟಿಸಿದಳು.

"ಅವರನ್ನ ಒಂದ್ಮಾತು ಕೇಳಿದ್ಯೇನವ್ವ?" ಎಂದರು ಗುರುಪ್ರಕಾಶರು.

"ಏನಂತ ಕೇಳೋದಪ್ಪ? ಒಂದಿದ್ದ ಬ್ರೇಕು ಎರಡಾದ್ರೆ ಬ್ಯಾಡ ಅಂತಾರಾ?"

ಅವರು ತಮ್ಮ ಸುರುಳಿಗೆ ಮರಳಿದರು. ಅವಳು ಮಾಡಿದ ಪರೀಕ್ಷೆಗಳು ಒಟ್ಟು ಹತ್ತೊಂಬತ್ತು. ಗಂಟೆಗೆ ಹದಿನೈದು ಕಿಲೋಮೀಟರು ವೇಗದಲ್ಲಿ ಹೋಗುವಾಗ ಬ್ರೇಕು ಹಿಡಿದರೆ ಮೂರು ಮೀಟರಿನೊಳಗೆ ಸೈಕಲ್ ನಿಲ್ಲುತ್ತಿತ್ತು. ಸೈಕಲ್ಲಿನ ಬಗ್ಗೆ ಬರೆದ ಹನ್ನೊಂದು ಪುಟಗಳ ಕೊನೆಯಲ್ಲಿ ಅವಳು 'ತೃಪ್ತಿಕರ' ಎಂದು ಬರೆದು ಗೆರೆ ಎಳೆದಳು.

ಡಿಸೆಂಬರಿನ ಎರಡನೆಯ ಭಾನುವಾರ ಅದೇ ಲಗೇಜ್ ಆಟೋದಲ್ಲಿ ಸೈಕಲ್ಲಿನ ಜೊತೆ ಅವಳೂ ಉಳವಿಗೆ ಹೋದಳು. ನಿರ್ಮಲಮ್ಮ ಅಂಗಳದಲ್ಲೇ ನಿಂತಿದ್ದರು; ಗಿಡ್ಡನೆಯ ಆಳು, ದಪ್ಪ ಗಾಜಿನ ಕನ್ನಡಕ, ಸೆರಗನ್ನು ಸೊಂಟಕ್ಕೆ ಬಿಗಿದ ಕ್ರಮದಲ್ಲೇ ಕೆಲಸದವರೆಂದು ತಿಳಿಯುತ್ತಿತ್ತು. ಹಸಿರನ್ನು ನೋಡಿ ಹತ್ತಿರ ಬಂದು ಬೆರಳಿನಿಂದ ಹೊನ್ನಿನ ಗೆರೆಯನ್ನು ಹಿಂಬಾಲಿಸಿದರು.

"ಇದರ ಬಣ್ಣ ನಾನೇ ಮರ್ತುಬಿಟ್ಟಿದ್ದೆ" ಎಂದರು. ಆಮೇಲೆ ನೂಲಿನ ಬಲೆಯನ್ನು ಮುಟ್ಟಿ, "ಗಂಜಿ ಹಾಕಿದ್ದು ಯಾರೇ? ನೀನೇಯಾ? ಲಗ್ನ ಆಗಿದ್ಯಾ?"

"ಇಲ್ಲಮ್ಮ."

"ಮತ್ತೆ ಗಂಜಿ ಹಾಕೋದು ಹೆಂಗೆ ಗೊತ್ತು?"

ಅಶ್ವಿನಿ ನಕ್ಕು ವಿಷಯಕ್ಕೆ ಬಂದಳು. ಹೆಬ್ಬೆರಳಿನಿಂದ ಈ ಗುಂಡಿ ಒತ್ತಿದರೆ ಮೋಟಾರು ಎಳೆಯುತ್ತದೆ. ಕಾಲಿನ ಬ್ರೇಕು ಈಗಿಲ್ಲ, ನಿಲ್ಲಿಸಲು ಎರಡೂ ಕೈ. ಎರಡು ಸಲ ಹೇಳಿದಳು. ನಿರ್ಮಲಮ್ಮ ಪಾಠ ಒಪ್ಪಿಸುವ ಹುಡುಗಿಯ ಮುಂದೆ ಕುಳಿತ ಟೀಚರಿನಂತೆ ತಲೆಯಾಡಿಸಿದರು. ಅಂಗಳದಲ್ಲಿ ಮೂರು ಸುತ್ತು ಹಾಕಿ ಕೈಯಿಂದಲೇ ನಿಲ್ಲಿಸಿ ತೋರಿಸಿದರು. ಎಲ್ಲವೂ ಸರಿಯಾಗಿತ್ತು.

ಏರಿನ ಎರಡೂ ಮಗ್ಗುಲು ಕಾಣಲೆಂದು ಅಶ್ವಿನಿ ಆಟೋದಲ್ಲಿ ಮುಂಚೆಯೇ ಹೋಗಿ ನೆತ್ತಿಯಲ್ಲಿ ನಿಂತಳು. ಕೆಳಗಿನಿಂದ ಹಸಿರು ಸೈಕಲ್ ಸದ್ದಿಲ್ಲದೆ ಮೇಲೇರಿ ಬಂತು. ನಿರ್ಮಲಮ್ಮನ ಕಾಲುಗಳು ಸುಮ್ಮನೆ ಜೊತೆಗೆ ತಿರುಗುತ್ತಿದ್ದವು. ಹಣೆಯಲ್ಲಿ ಬೆವರಿರಲಿಲ್ಲ. ಅವಳನ್ನು ದಾಟುವಾಗ, "ಏದುಸಿರೇ ಇಲ್ಲ ನೋಡೇ" ಎಂದರು. ನಿಲ್ಲದೆ ಆಚೆಯ ಇಳಿಜಾರಿಗೆ ಇಳಿದರು.

ಇಳಿಜಾರಿನ ಬುಡದಲ್ಲಿ ತಿಮ್ಮಮ್ಮ ಎಂಬವರು ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿದ್ದರು. ಸುಗ್ಗಿಯ ಕಾಲದಲ್ಲಿ ಆ ಸೀಮೆಯ ಟಾರು ರಸ್ತೆಗಳಿಗೆ ಅರ್ಧ ಅಗಲ ವಾಹನದ್ದು, ಅರ್ಧ ಅಗಲ ಜೋಳದ್ದು.

ವೇಗ ಹೆಚ್ಚುತ್ತಿದ್ದಂತೆ ನಿರ್ಮಲಮ್ಮನ ಎಡಗೈ ಹ್ಯಾಂಡಲ್ ಬಿಟ್ಟು ಹಿಂದಿನ ಕ್ಯಾರಿಯರಿನತ್ತ ಹೋದುದನ್ನು ಅಶ್ವಿನಿ ಮೇಲಿನಿಂದ ಕಂಡಳು. ಅನಂತರ ಅವರ ಕಾಲುಗಳು ಹಿಂದಕ್ಕೆ ಒತ್ತಿದವು. ಪೆಡಲು ಬರಿದೇ ತಿರುಗಿತು. ಮತ್ತೆ ಒತ್ತಿದವು, ಮತ್ತೆ ಬರಿದೇ ತಿರುಗಿತು. ಮೂರನೆಯ ಸಲ ಆ ಕಾಲುಗಳು ಹಿಂದಕ್ಕೆ ಸುತ್ತುವಷ್ಟರಲ್ಲಿ, ತನ್ನ ಹನ್ನೊಂದು ಪುಟಗಳಲ್ಲಿ ಯಾವ ಸಾಲು ಇಲ್ಲವೆಂಬುದು ಅವಳಿಗೆ ಅಂಗೈ ನೆಲ್ಲಿಯಾಗಿತ್ತು.

ಸೈಕಲ್ ಜೋಳದೊಳಗೆ ನುಗ್ಗಿತು. ಕಾಳು ಮರಳಿನಂತೆ ಚಕ್ರವನ್ನು ಹಿಡಿದು ಹಿಡಿದು ನಿಧಾನಿಸಿತು. ಕೊನೆಯಲ್ಲಿ ಯಾರೋ ಕೈ ಹಿಡಿದು ಕೂರಿಸಿದಂತೆ ಪಕ್ಕಕ್ಕೆ ವಾಲಿತು. ಅಶ್ವಿನಿ ಓಡಿ ತಲುಪಿದಾಗ ನಿರ್ಮಲಮ್ಮ ರಾಶಿಯ ನಡುವೆ ಕಾಲು ನೀಡಿ ಕುಳಿತಿದ್ದರು. ತಿಮ್ಮಮ್ಮ ಪೊರಕೆ ಹಿಡಿದು ಎದುರು ನಿಂತಿದ್ದರು.

"ಅಲ್ಲ ನಿರ್ಮಲಮ್ಮ, ಅಷ್ಟಗಲ ರಸ್ತೆ ಐತಲ್ಲ, ನನ್ನ ಜೋಳನೇ ಬೇಕಾಯ್ತಾ ನಿಮ್ಗೆ?"

"ಅಷ್ಟಗಲ ರಸ್ತೆಗೆ ಜೋಳ ಹರವಿದ್ದು ಯಾರೇ? ಹಂಗೆ ನೋಡಿದ್ರೆ ನಿನ್ನ ಜೋಳನೇ ನನ್ನ ಹಿಡ್ಕೊಂಡಿದ್ದು. ಬಾ, ಕೈ ಕೊಡು."

ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟೇನೂ ಆಗಿರಲಿಲ್ಲ. ಆದರೆ ಸೀರೆಯ ಮಡಿಕೆಗಳಿಂದ ಕಾಳು ಕೊಡವುತ್ತಾ ಅವರ ದನಿ ಇಳಿಯಿತು.

"ತಪ್ಪು ನಂದೇ ಕಣೆ. ಕೈ ಅಂತ ನೀನು ಎರಡು ಸಲ ಹೇಳಿದ್ದೆ. ಕಾಲು ಕೇಳಲಿಲ್ಲ. ವಯಸ್ಸಾಯ್ತು ಅಂತ ಹಿಂಗೇ ಗೊತ್ತಾಗೋದು ನೋಡು." ಬಿದ್ದ ಸೈಕಲ್ಲಿನ ಕಡೆ ನೋಡಲಿಲ್ಲ. "ಅರ್ಚಿತನ ಮನೇಲಿ ಹೇಳ್ತೀನಿ. ವರದಮ್ಮನ್ನ ಕರೆಸ್ಲಿ. ಅವಳೂ ಚೆನ್ನಾಗೇ ಮೀಯಿಸ್ತಾಳೆ."

ಬೈದಿದ್ದರೆ ಅಶ್ವಿನಿ ತಾಳಿಕೊಳ್ಳುತ್ತಿದ್ದಳು. ಈ ಮಾತು ತಾಳಲಾಗಲಿಲ್ಲ. ನಲವತ್ತಾರು ವರ್ಷ ತಪ್ಪದ ಕಾಲುಗಳು ಇಂದೂ ತಪ್ಪಿರಲಿಲ್ಲ. ತಾನು ಅವುಗಳ ಕೆಳಗಿನಿಂದ ಬ್ರೇಕನ್ನು ತೆಗೆದಿದ್ದಳು, ಅವರು ಅದನ್ನು ತಮ್ಮ ಮುಪ್ಪಿನ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದರು.

"ಅಮ್ಮ, ತಪ್ಪು ನಿಮ್ಮದಲ್ಲ. ನಾನು ಸೈಕಲ್ಲಿನ ಬಗ್ಗೆ ಹನ್ನೊಂದು ಪುಟ ಬರೆದೆ. ನೀವು ಹೆಂಗೆ ಓಡಿಸ್ತೀರಿ ಅಂತ ಒಂದು ಸಾಲು ಬರೀಲಿಲ್ಲ. ವರದಮ್ಮನ್ನ ಈಗಲೇ ಕರೆಸಬೇಡಿ. ಒಂದು ಗಂಟೆ ನನ್ನ ಮುಂದೆ ಸೈಕಲ್ ಮೇಲೆ ಕೂತ್ಕೊಳ್ಳಿ, ಸಾಕು."

ನಿರ್ಮಲಮ್ಮನ ಅಂಗಳದಲ್ಲಿ ಸೈಕಲ್ಲನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಅವರನ್ನು ಕೂರಿಸಿದಳು. ಏರು ಬಂತು ಅಂದುಕೊಳ್ಳಿ, ಇಳಿಜಾರು ಬಂತು ಅಂದುಕೊಳ್ಳಿ, ನಾಯಿ ಅಡ್ಡ ಬಂತು ಅಂದುಕೊಳ್ಳಿ. ನೆಲದ ಮೇಲೆ ಕುಳಿತು ಅವರ ಪಾದ, ಹಿಮ್ಮಡಿ, ಕೈಗಳನ್ನು ನೋಡಿ ನೋಡಿ ಬರೆದಳು. ಇಳಿಜಾರು ಎಂದಾಗಲೆಲ್ಲ ಎಡಗೈ ಹಿಂದಕ್ಕೆ ಹೋಗುತ್ತಿತ್ತು.

"ಈಗ ಹಿಂದೆ ಏನೂ ಇಲ್ವಲ್ಲಮ್ಮ?"

"ಇಲ್ಲ. ಆಗ ಲಸಿಕೆ ಡಬ್ಬಿ ಇರ್ತಿತ್ತು, ಐಸ್ ತುಂಬಿದ್ದು. ಕುಣಿದ್ರೆ ಬಾಟ್ಲಿ ಒಡೀತಿತ್ತು. ಅದಕ್ಕೇ ಇಳೀವಾಗ ಒಂದು ಕೈ ಅದರ ಮೇಲೆ." ನಿರ್ಮಲಮ್ಮ ತಮ್ಮ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡರು. "ಡಬ್ಬಿ ವಾಪಸ್ ಕೊಟ್ಟು ಎಂಟು ವರ್ಷ ಆಯ್ತು. ಕೈಗಿನ್ನೂ ಯಾರೂ ಹೇಳಿಲ್ಲ ಅಂತ ಕಾಣುತ್ತೆ."

ಹನ್ನೆರಡನೆಯ ಪುಟ ತುಂಬಿತು.

ಅಂಗಡಿಗೆ ಮರಳಿ ಅಶ್ವಿನಿ ತಗಡಿನ ಡಬ್ಬಿಯನ್ನು ತೆರೆದಳು. ನಡೆದುದೆಲ್ಲವನ್ನೂ ಕೇಳಿದ ಗುರುಪ್ರಕಾಶರು ಆಡಿಕೊಳ್ಳಲಿಲ್ಲ. ಜೋಳದ ಭಾಗಕ್ಕೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೂಲೆಯ ಗುಜರಿ ಪೆಟ್ಟಿಗೆಯನ್ನು ಕೆದಕಿ, ಐದು ಎಚ್‌ಪಿ ಪಂಪಿನಿಂದ ತೆಗೆದಿಟ್ಟಿದ್ದ ಕೊಳವೆಯಂಥ ದಪ್ಪನೆಯ ಕಂಚಿನ ಬುಷ್ಷೊಂದನ್ನು ಅವಳ ಮೇಜಿನ ಮೇಲಿಟ್ಟರು.

"ಬಿಡಿಭಾಗ ಸಿಗಲ್ಲ ಅಂದಿ. ಕಂಚು ಸಿಗಲ್ಲ ಅಂತ ಯಾರಂದ್ರು?"

ಬಳ್ಳಿಗಾವಿಯ ರೈತರೊಬ್ಬರ ಬಾವಿಯಲ್ಲಿ ಹದಿನೈದು ವರ್ಷ ನೀರೆತ್ತಿದ್ದ ಕಂಚು ಅದು. ತಂದೆಯ ಲೇತಿನಲ್ಲಿ ಅದನ್ನು ಕಡೆದು, ಸೀಳಿ, ಎರಡು ಅರೆಬಳೆ ಮಾಡುವಷ್ಟರಲ್ಲಿ ಮೊದಲ ಜೋಡಿ ಕಾಲು ಮಿಲಿಮೀಟರು ತೆಳುವಾಯಿತು, ಎರಡನೆಯ ಜೋಡಿ ಬಿರುಕು ಬಿಟ್ಟಿತು. ಮೂರನೆಯ ಜೋಡಿ ಹಳೆಯ ಹಬ್ಬಿನೊಳಗೆ ಕುಳಿತು, ಹಿಂದಕ್ಕೆ ಒತ್ತಿದ ಕೂಡಲೇ ಚಕ್ರವನ್ನು ಮೆತ್ತಗೆ, ಪಟ್ಟಾಗಿ ಹಿಡಿಯಿತು. ಕಾಲಿನ ಬ್ರೇಕು ಬಿದ್ದಾಗ ಹಬ್ಬಿನ ಪಕ್ಕದ ಸಣ್ಣ ತೋಳೊಂದು ಚೌಕಟ್ಟಿನ ಮೇಲೆ ಒತ್ತುತ್ತದೆಂಬುದನ್ನು ಅವಳು ಗಮನಿಸಿದ್ದಳು. ಆ ತೋಳಿನ ಅಡಿಗೆ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯ ಪುಟ್ಟ ಸ್ವಿಚ್ಚೊಂದನ್ನು ಕೂರಿಸಿದಳು. ಇನ್ನು ಕಾಲು ಹಿಂದಕ್ಕೆ ಒತ್ತಿದರೆ ಚಕ್ರವೂ ನಿಲ್ಲುತ್ತದೆ, ಹೆಬ್ಬೆರಳು ಗುಂಡಿಯ ಮೇಲೇ ಇದ್ದರೂ ಮೋಟಾರೂ ಸುಮ್ಮನಾಗುತ್ತದೆ. ಕೈಬ್ರೇಕುಗಳು ಇದ್ದಲ್ಲೇ ಇದ್ದವು.

ಅಷ್ಟರಲ್ಲಿ ಅರ್ಚಿತಾಳ ಹೆರಿಗೆ ಒಂಬತ್ತು ದಿನ ಮೊದಲೇ ಆಯಿತು. ಸೊರಬದ ಆಸ್ಪತ್ರೆಯಿಂದ ಫೋಟೋ ಬಂತು: ಮುಷ್ಟಿ ಬಿಗಿದು ಮುಖ ಸಿಂಡರಿಸಿದ ಹೆಣ್ಣುಕೂಸು. ಹಿಂದೆಯೇ ಫೋನು.

"ಬುಧವಾರ ಮನೆಗೆ ಹೋಗ್ತೀವಿ. ಅಮ್ಮ ವರದಮ್ಮನ್ನ ಕರೆಸ್ತೀನಿ ಅಂತಾಳೆ. ನಾನು ಬೇಡ ಅಂದಿದೀನಿ. ಬೇಕಾದ್ರೆ ಕೂಸು ನಾಲ್ಕು ದಿನ ಕೊಳಕಾಗೇ ಇರ್ಲಿ."

"ಗುರುವಾರ ಬೆಳಿಗ್ಗೆ ನಿರ್ಮಲಮ್ಮ ಬರ್ತಾರೆ."

"ಬರ್ತೀನಿ ಅಂದ್ರಾ?"

"ಇನ್ನೂ ಅಂದಿಲ್ಲ. ಸೈಕಲ್ ನೋಡ್ಲಿ."

ಆ ಸಂಜೆ ಶಿಕಾರಿಪುರದ ಕೆರೆ ಏರಿಯ ಇಳಿಜಾರಿನಲ್ಲಿ, ಎಡಗೈ ಹಿಂದಿನ ಕ್ಯಾರಿಯರಿನ ಮೇಲಿಟ್ಟು, ಹಿಮ್ಮಡಿಯಿಂದಲೇ ಸೈಕಲ್ಲನ್ನು ನಿಲ್ಲಿಸುವುದನ್ನು ಅಶ್ವಿನಿ ಇಪ್ಪತ್ತು ಸಲ ಮಾಡಿದಳು. ವಾಕಿಂಗಿಗೆ ಬಂದವರು ನಿಂತು ನೋಡಿದರು. ಮೊದಲ ಎಂಟು ಸಲ ಅವಳ ಕಾಲಿಗೆ ಅದು ಒಗ್ಗಲಿಲ್ಲ. ಹೊಸದನ್ನು ಕಲಿಯುವುದು ಇಪ್ಪತ್ನಾಲ್ಕರ ಕಾಲಿಗೂ ಇಷ್ಟು ಕಷ್ಟವೆಂಬುದನ್ನೂ ಅವಳು ಬರೆದುಕೊಂಡಳು.

ಬುಧವಾರ ಮಧ್ಯಾಹ್ನ ನಿರ್ಮಲಮ್ಮ ಅಂಗಳದಲ್ಲಿ ಸೈಕಲ್ ಏರಿ, ಹತ್ತು ಗಜ ಹೋಗಿ, ಕಾಲು ಹಿಂದಕ್ಕೆ ಒತ್ತಿದರು. ನಿಂತಿತು. ಮತ್ತೆ ಹತ್ತು ಗಜ. ನಿಂತಿತು. ಅವರು ಹೊಗಳಲೂ ಇಲ್ಲ, ತಲೆಯಾಡಿಸಲೂ ಇಲ್ಲ. "ಬಿಸಿನೀರು ಏಳೂವರೆಗೆ ಕಾದಿರ್ಬೇಕು ಅಂತ ಅರ್ಚಿತನ ತಾಯಿಗೆ ಹೇಳು" ಎಂದು ಒಳಗೆ ಹೋಗಿ ಎಣ್ಣೆಯ ಬಾಟಲಿಯನ್ನು ಹುಡುಕತೊಡಗಿದರು.

ಗುರುವಾರ ಬೆಳಿಗ್ಗೆ ಅಶ್ವಿನಿ ಅರ್ಚಿತಾಳ ಮನೆಯ ಮುಂದೆ ಅವಳ ತಾಯಿ ನರ್ಮದಾರ ಜೊತೆ ನಿಂತಿದ್ದಳು. ಏರಿನ ನೆತ್ತಿಯಲ್ಲಿ ಹಸಿರು ಚುಕ್ಕೆ ಕಾಣಿಸಿತು, ಇಳಿಯತೊಡಗಿತು. ಎಡಗೈ ಹಿಂದಕ್ಕೆ ಹೋಯಿತು. ಈ ಸಲ ಅಲ್ಲಿ ಎಣ್ಣೆ, ಸೀಗೆಪುಡಿ, ಸಾಂಬ್ರಾಣಿಗಳ ಬುಟ್ಟಿಯಿತ್ತು. ಬುಡದಲ್ಲಿ ತಿಮ್ಮಮ್ಮನ ಜೋಳ ರಸ್ತೆಯಿಂದ ಒಂದು ಮಾರು ಒಳಕ್ಕೆ ಸರಿದಿತ್ತು. ಸೈಕಲ್ ಅದನ್ನು ದಾಟಿ, ವೇಗ ಕಳೆದುಕೊಂಡು, ಮನೆಯ ಮೆಟ್ಟಿಲಿಗೆ ಒಂದು ಗೇಣು ಅಂತರದಲ್ಲಿ ನಿಂತಿತು. ನಿಂತ ಸದ್ದೂ ಆಗಲಿಲ್ಲ.

"ಕೂಸೆಲ್ಲಿ?" ಎಂದರು ನಿರ್ಮಲಮ್ಮ.

ಬಚ್ಚಲಲ್ಲಿ ಅವರು ಗೋಡೆಗೆ ಬೆನ್ನು ಕೊಟ್ಟು, ಮೋಟು ಮಣೆಯ ಮೇಲೆ ಕಾಲು ನೀಡಿ ಕುಳಿತರು. ಕೂಸನ್ನು ಕಣಕಾಲುಗಳ ಮೇಲೆ ಮಲಗಿಸಿಕೊಂಡರು. ಅದು ಜಾರುವಂತಾದಾಗಲೆಲ್ಲ ಹಿಮ್ಮಡಿ ತುಸು ಹಿಂದಕ್ಕೆ ಒತ್ತಿ, ಕಾಲೆರಡೂ ಒಂದು ತೊಟ್ಟಿಲಿನಷ್ಟು ಆಳವಾಗುತ್ತಿದ್ದವು. ಬಾಗಿಲಲ್ಲಿ ನಿಂತ ಅಶ್ವಿನಿ ಆ ಪಾದಗಳನ್ನೇ ನೋಡುತ್ತಿದ್ದಳು. ಅವಳ ಪುಸ್ತಕ ಚೀಲದಲ್ಲಿತ್ತು, ತೆಗೆಯಬೇಕೆನಿಸಲಿಲ್ಲ.

"ಅಲ್ಲೆಂಥ ನೋಡ್ತಾ ನಿಂತಿದೀಯ? ಚೊಂಬು ತಗೋ. ನೀರಿನ ಹದ ಹೇಳು."

ಅಶ್ವಿನಿ ಹಂಡೆಯ ಹತ್ತಿರ ಹೋಗಿ ಸುತ್ತ ಕಣ್ಣಾಡಿಸಿದಳು. "ಥರ್ಮಾಮೀಟರ್ ಏನಾದ್ರೂ ಇದ್ಯಾ?"

ಒಳಕೋಣೆಯಿಂದ ಅರ್ಚಿತಾ ನಗುವುದು ಕೇಳಿಸಿತು.

"ಮೊಣಕೈ ಅದ್ದು" ಎಂದರು ನಿರ್ಮಲಮ್ಮ. "ಚುರುಕ್ ಅಂದ್ರೆ ತಣ್ಣೀರು ಬೆರೆಸು. ಏನೂ ಅನ್ನಿಸ್ದಿದ್ರೆ ಬಿಸಿ ಸಾಲದು. ಅಮ್ಮನ ಮಡಿಲಲ್ಲಿ ಇದ್ದಂಗೆ ಅನ್ಸಿದ್ರೆ ಕೊಡು."

ಅವಳು ತೋಳು ಮಡಿಸಿ, ಮೊಣಕೈಯನ್ನು ನೀರಿಗಿಳಿಸಿದಳು. ಒಂದು ಚೊಂಬು ತಣ್ಣೀರು ಬೆರೆಸಿದಳು. ಇನ್ನೊಮ್ಮೆ ಅದ್ದಿದಳು, ಕಣ್ಣು ಮುಚ್ಚಿ ಯೋಚಿಸಿದಳು, ಮತ್ತೆ ಅರ್ಧ ಚೊಂಬು ಬೆರೆಸಿದಳು. ಕೂಸು ಕಾಯುತ್ತಿತ್ತು, ನಿರ್ಮಲಮ್ಮನೂ ಅವಸರಪಡಿಸದೆ ಕಾದರು.

"ಈಗ ಸರಿ ಐತೆ" ಎಂದಳು ಅಶ್ವಿನಿ.

ನಿರ್ಮಲಮ್ಮ ತಮ್ಮ ಕೈ ಅದ್ದಿ ಪರೀಕ್ಷಿಸಲಿಲ್ಲ. ಚೊಂಬನ್ನು ಅವಳಿಂದ ತೆಗೆದುಕೊಂಡು ನೇರವಾಗಿ ಕೂಸಿನ ಮೈಮೇಲೆ ಎರೆದರು.